ಮೂರು ವಾರದಿಂದ ಬಿಡದ ಮಳೆ: ಚೀಲದ ಗಿಡಗಳು ಹಳದಿ, ಟ್ರೇ ಸಸಿಗಳು ಬುಡದಲ್ಲೇ ಮಲಗುತ್ತಿವೆ

ಚಿಗುರುಚೀಲ:

ನರ್ಸರಿಯ ವಿವರ ಮೊದಲೇ ಕೊಟ್ಟುಬಿಡುತ್ತೇನೆ, ಇಲ್ಲದಿದ್ದರೆ ಉತ್ತರಿಸುವವರು ಊಹೆ ಮಾಡಬೇಕಾಗುತ್ತದೆ.

12 ಮೀಟರ್ ಅಗಲ, 25 ಮೀಟರ್ ಉದ್ದದ ಪಾಲಿಹೌಸ್ ಒಂದು, ಮೇಲೆ 200 ಮೈಕ್ರಾನ್ ಹಾಳೆ. ಒಳಗೆ 98 ಕುಳಿಗಳ ಪ್ರೋಟ್ರೇಗಳಲ್ಲಿ ಮೆಣಸಿನಕಾಯಿ ಮತ್ತು ಟೊಮೆಟೊ ಸಸಿ, ಬರೀ ತೆಂಗಿನ ನಾರಿನ ಪುಡಿಯಲ್ಲಿ, ಅಂದರೆ ಕೊಕೊಪೀಟ್‌ನಲ್ಲಿ. ಟ್ರೇಗಳು ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲಿವೆ. ಹೊರಗೆ 50% ಶೇಡ್ ನೆಟ್ ಕೆಳಗೆ ಸುಮಾರು 8,000 ಪಾಲಿಥೀನ್ ಚೀಲ, 6×8 ಇಂಚಿನವು: ಪಪ್ಪಾಯ, ಬೇರು ಬರಿಸಿದ ಕಾಳುಮೆಣಸಿನ ಬಳ್ಳಿ, ಗುಲಾಬಿ, ದಾಸವಾಳ. ಮಿಶ್ರಣ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ. ಕಳೆ ತಡೆಯುವ ಚಾಪೆ ಹಾಸಿ ಅದರ ಮೇಲೆ ಚೀಲಗಳನ್ನು ಒಂದಕ್ಕೊಂದು ಒತ್ತಿ ಜೋಡಿಸಿದೆ.

ಈಗಿನ ಸ್ಥಿತಿ: ಪಪ್ಪಾಯದ ಕೆಳ ಎಲೆ ಹಳದಿಯಾಗಿ ಜೋತುಬೀಳುತ್ತಿವೆ, ಕೆಲವು ಬುಡದಲ್ಲಿ ಮೆತ್ತಗಾಗಿ ಬಿದ್ದಿವೆ. ದಾಸವಾಳ ಹಳದಿ, ಆದರೆ ನೆಟ್ಟಗಿದೆ. ಕಾಳುಮೆಣಸಿನ ಎಲೆಯಲ್ಲಿ ಕಪ್ಪು ಚುಕ್ಕೆ. ಟ್ರೇಗಳಲ್ಲಿ ಮೆಣಸಿನಕಾಯಿ ಸಸಿ ಅಲ್ಲಲ್ಲಿ ತಟ್ಟೆಯಗಲ ಜಾಗದಲ್ಲಿ ಮಲಗುತ್ತಿದೆ, ಮರುದಿನ ಆ ವೃತ್ತ ಇನ್ನಷ್ಟು ದೊಡ್ಡದು.

ಮಾಡಬೇಕೆಂದಿರುವುದು: ಎಲ್ಲದಕ್ಕೂ ವಾರಕ್ಕೊಮ್ಮೆ ಕಾರ್ಬೆಂಡಜಿಮ್ ಶಿಲೀಂಧ್ರನಾಶಕ ಲೀಟರಿಗೆ 2 ಗ್ರಾಂ ಬುಡಕ್ಕೆ ಹೊಯ್ಯುವುದು, ಹಳದಿಗೆ ಯೂರಿಯಾ, ಹೊಸ ಚೀಲಗಳ ತಳಕ್ಕೆ ಎರಡು ಇಂಚು ಜಲ್ಲಿ. ಇದು ಸರಿಯೇ? ಯಾವುದನ್ನು ಮೊದಲು ಮಾಡಲಿ?


ಬೇರುಬಿಳುಪು:

ಮೂರನ್ನೂ ಸದ್ಯಕ್ಕೆ ಬದಿಗಿಡಿ. ಹಳದಿ ಎಲೆಗೆ ಕಾರಣ ಒಂದಲ್ಲ, ಅದನ್ನು ಎಲೆ ನೋಡಿ ಹೇಳಲೂ ಆಗುವುದಿಲ್ಲ. ಪ್ರತಿ ಜಾತಿಯಿಂದ ಹತ್ತು ಚೀಲ ತೆಗೆಯಿರಿ: ಸತ್ತದ್ದು ಎರಡು, ಸಾಯುತ್ತಿರುವುದು ನಾಲ್ಕು, ನೋಡಲು ಚೆನ್ನಾಗಿರುವುದು ನಾಲ್ಕು. ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಮಣ್ಣಿನ ಗಡ್ಡೆ ಒಡೆಯದಂತೆ ಬಿಚ್ಚಿ. ಮೊದಲು ಮೂಸಿ ನೋಡಿ, ಬೇರು ನೋಡುವುದು ಆಮೇಲೆ.

ಕೊಳೆತ ಮೊಟ್ಟೆಯ ವಾಸನೆ ಬಂದರೆ, ತಳದ ಮಣ್ಣು ಬೂದು-ಕಪ್ಪಾಗಿದ್ದರೆ, ಅಲ್ಲಿ ಗಾಳಿಯಿಲ್ಲ. ರೋಗಾಣು ಇರಲಿ ಬಿಡಲಿ, ಆ ಬೇರು ಉಸಿರು ಕಟ್ಟಿಯೇ ಸಾಯುತ್ತದೆ. ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಮಣ್ಣಿನ ಸಂದುಗಳಲ್ಲಿ ನೀರು ನಿಂತಿತೆಂದರೆ ಬೇರಿಗೆ ಬೇಕಾದಷ್ಟು ತಲುಪುವುದೇ ಇಲ್ಲ. ಪಪ್ಪಾಯ ಇದಕ್ಕೆ ಎಲ್ಲರಿಗಿಂತ ಮೊದಲು ಸೋಲುವ ಗಿಡ. ಎರಡು-ಮೂರು ದಿನ ಬುಡದಲ್ಲಿ ನೀರು ನಿಂತರೆ ಸಾಕು.

ವಾಸನೆಯಿಲ್ಲ, ಬೇರು ಬೆಳ್ಳಗೆ ಗಟ್ಟಿಯಾಗಿದೆ, ಆದರೂ ಕೆಳ ಎಲೆ ಹಳದಿ. ಆಗ ಸಾರಜನಕ ಮಳೆಯಲ್ಲಿ ತೊಳೆದುಹೋಗಿದೆ ಅಷ್ಟೇ. ನಿಮ್ಮ ದಾಸವಾಳ ಇದೇ ಇರಬೇಕು. ಕೆಳ ಎಲೆ ಹಸಿರಿದ್ದು ಚಿಗುರು ಹಳದಿ, ನರ ಮಾತ್ರ ಹಸಿರು ಎಂದಾದರೆ ಕಬ್ಬಿಣದ ಕೊರತೆ. ಅದು ಬಹುಪಾಲು ಬೇರು ಸೋತದ್ದರ ಪರಿಣಾಮ, ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ.

ಇನ್ನು ಕಂದು ಬೇರು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಮೇಲಿನ ತೊಗಟೆ ಕಾಲುಚೀಲದಂತೆ ಜಾರಿಬಂದು ಒಳಗಿನ ದಾರದಂಥ ಎಳೆ ಮಾತ್ರ ಉಳಿದರೆ ಅದು ಪಿಥಿಯಂ ಅಥವಾ ಫೈಟೊಫ್ತೊರಾ ಎಂಬ ರೋಗಾಣುಗಳ ಕೆಲಸ. ಟ್ರೇ ಸಸಿಗೂ ಇದೇ ರೀತಿ ನೋಡಿ: ಮಣ್ಣಿನ ಮಟ್ಟದಲ್ಲಿ ಕಾಂಡ ಬೇಯಿಸಿದಂತೆ ಮೆತ್ತಗೆ, ನೀರುನೀರಾಗಿದ್ದರೆ ಪಿಥಿಯಂ. ಕಾಂಡ ಒಣಗಿ, ಕಂದುಗಟ್ಟಿ, ತಂತಿಯಂತೆ ಸಣಕಲಾಗಿ ಬಿದ್ದಿದ್ದರೆ ರೈಜೊಕ್ಟೋನಿಯಾ ಎಂಬ ಶಿಲೀಂಧ್ರ. ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಕಾರ್ಬೆಂಡಜಿಮ್ ಎರಡನೆಯದಕ್ಕೆ ಕೆಲಸ ಮಾಡುತ್ತದೆ, ಮೊದಲನೆಯದಕ್ಕೆ ಮಾಡುವುದೇ ಇಲ್ಲ. ಪಿಥಿಯಂ, ಫೈಟೊಫ್ತೊರಾ ನಿಜವಾದ ಶಿಲೀಂಧ್ರಗಳಲ್ಲ. ನೀರಿನಲ್ಲಿ ಈಜುವ ಬೀಜಕಣಗಳಿರುವ ಬೇರೆಯೇ ಗುಂಪು. ನೀವು ವಾರಕ್ಕೊಮ್ಮೆ ಕಾರ್ಬೆಂಡಜಿಮ್ ಹೊಯ್ದರೆ ಅವುಗಳಿಗೆ ಈಜಲು ಇನ್ನಷ್ಟು ನೀರು ಕೊಟ್ಟಂತಾಗುತ್ತದೆ.

ಟೊಮೆಟೊ ಅಥವಾ ಮೆಣಸಿನಕಾಯಿ ಸಸಿ ಹಳದಿಯೇ ಆಗದೆ, ಹಸಿರಿರುವಾಗಲೇ ಬಾಡಿದರೆ ಇನ್ನೊಂದು ಪರೀಕ್ಷೆ. ಬುಡದ ಕಾಂಡವನ್ನು ಓರೆಯಾಗಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಹಿಡಿಯಿರಿ, ಅಲುಗಾಡಿಸಬೇಡಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನ ಎಳೆಯಂಥದ್ದು ಕೆಳಗಿಳಿದರೆ ಅದು ದುಂಡಾಣು ಸೊರಗು. ಅದಕ್ಕೆ ಯಾವ ಶಿಲೀಂಧ್ರನಾಶಕವೂ ನಾಟುವುದಿಲ್ಲ. ಆ ಟ್ರೇ ಪೂರ್ತಿ ಹೊರಗೆ.

ನೋಡಿ ಬಂದು ಇಲ್ಲೇ ಬರೆಯಿರಿ. ಔಷಧಿ ಆಮೇಲೆ.


ಬಸಿಗಾಲುವೆ:

ತಳಕ್ಕೆ ಜಲ್ಲಿ ಹಾಕುವ ವಿಚಾರಕ್ಕೆ ಬರುತ್ತೇನೆ, ಇದು ಎಷ್ಟು ಹೇಳಿದರೂ ಸಾಯದ ನಂಬಿಕೆ.

ನೀರು ಸಣ್ಣ ಸಂದಿನಿಂದ ದೊಡ್ಡ ಸಂದಿಗೆ ತಾನಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ತೋಯ್ದು, ಅದರ ಭಾರಕ್ಕೆ ಇನ್ನು ಹಿಡಿದಿಡಲು ಆಗದಿದ್ದಾಗ ಮಾತ್ರ ಜಲ್ಲಿಗೆ ಇಳಿಯುತ್ತದೆ. ಹಾಗಾಗಿ ಪ್ರತಿ ಚೀಲದ ತಳದಲ್ಲೂ ಬಸಿದ ಮೇಲೆ ಉಳಿಯುವ ಒಂದು ಒದ್ದೆ ಪದರ ಇರುತ್ತದೆ. ಅದರ ಎತ್ತರ ಮಿಶ್ರಣದ ಕಣಗಳ ಗಾತ್ರದ ಮೇಲೆ ನಿಂತಿದೆ, ಚೀಲದ ಎತ್ತರದ ಮೇಲಲ್ಲ. ಎರಡು ಇಂಚು ಜಲ್ಲಿ ಹಾಕಿದರೆ ಆ ಒದ್ದೆ ಪದರ ಜಲ್ಲಿಯ ಮೇಲಕ್ಕೆ, ಅಂದರೆ ಬೇರಿನ ಹತ್ತಿರಕ್ಕೆ ಎರಡು ಇಂಚು ಏರುತ್ತದೆ. ಏಳು ಇಂಚು ಮಣ್ಣಿದ್ದಲ್ಲಿ ಐದೇ ಇಂಚು ಉಳಿಯುತ್ತದೆ, ಅದರಲ್ಲೂ ಒದ್ದೆ ಪಾಲು ಹೆಚ್ಚು. 98 ಕುಳಿಯ ಟ್ರೇ ಮಳೆಗಾಲದಲ್ಲಿ ಬೇಗ ಕೈಕೊಡುವುದೂ ಇದೇ ಲೆಕ್ಕಕ್ಕೆ: ಕುಳಿಯ ಆಳ ನಾಲ್ಕೇ ಸೆಂಟಿಮೀಟರ್ ಆಸುಪಾಸು, ಅದರಲ್ಲಿ ದೊಡ್ಡ ಪಾಲು ಒದ್ದೆ ಪದರವೇ.

ನಿಮ್ಮ 2:1:1 ಮಿಶ್ರಣ ಬೇಸಿಗೆಗೆ ಸರಿ, ಮಳೆಗೆ ಅಲ್ಲ. ನಂಬಿಕೆಯಾಗದಿದ್ದರೆ ಅಳೆದು ನೋಡಿ. ಒಂದು ಲೀಟರ್ ಹಿಡಿಯುವ ಡಬ್ಬದ ತಳಕ್ಕೆ ನಾಲ್ಕೈದು ತೂತು ಹೊಡೆದು ಟೇಪ್ ಅಂಟಿಸಿ. ಚೀಲಕ್ಕೆ ತುಂಬುವಷ್ಟೇ ಒತ್ತಡದಲ್ಲಿ ಮಿಶ್ರಣ ತುಂಬಿ. ಮೇಲ್ಮೈ ಹೊಳೆಯುವವರೆಗೆ ನಿಧಾನವಾಗಿ ನೀರು ಹಾಕಿ, ಅರ್ಧ ಗಂಟೆ ಬಿಟ್ಟು ಕಡಿಮೆಯಾದದ್ದನ್ನು ಮತ್ತೆ ತುಂಬಿ. ಈಗ ಬೋಗುಣಿಯ ಮೇಲೆ ಎತ್ತಿಹಿಡಿದು ಟೇಪ್ ಕಿತ್ತು, ಒಂದು ಗಂಟೆ ಬಸಿಯಲು ಬಿಡಿ. ಬೋಗುಣಿಗೆ ಬಿದ್ದ ನೀರು 150 ಮಿ.ಲೀ. ಇದ್ದರೆ ಆ ಮಿಶ್ರಣದಲ್ಲಿ ಬಸಿದ ಮೇಲೆ 15% ಗಾಳಿ ಇದೆ ಎಂದರ್ಥ. ಮಳೆಗಾಲದ ಚೀಲಕ್ಕೆ 15ರಿಂದ 25 ಬೇಕು. 10ಕ್ಕಿಂತ ಕೆಳಗಿದ್ದರೆ ಅದನ್ನು ಹೊರಗೆ ಮಳೆಗೆ ಇಡಬೇಡಿ.

ಹೊಸದಾಗಿ ತುಂಬುವುದಕ್ಕೆ: ಮಣ್ಣು ಒಂದು ಪಾಲು, ಒರಟು ಕೊಕೊಪೀಟ್ ಅಥವಾ ತೆಂಗಿನ ಸಿಪ್ಪೆಯ ಚೂರು ಒಂದು ಪಾಲು, ಸುಟ್ಟ ಭತ್ತದ ಹೊಟ್ಟು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಅರ್ಧ ಪಾಲು. ಮರಳು ಹಾಕುವುದಾದರೆ 2ರಿಂದ 4 ಮಿ.ಮೀ. ಕಾಳಿನದು ಮಾತ್ರ. ಗಾರೆಗೆ ಬಳಸುವ ನಯ ಮರಳು ಮಣ್ಣಿನ ಸಂದುಗಳನ್ನು ತುಂಬಿ ಇನ್ನಷ್ಟು ಕೆಡಿಸುತ್ತದೆ. ಹಾಕಿದ ಮೇಲೆ ಮತ್ತೆ ಡಬ್ಬದ ಪರೀಕ್ಷೆ ಮಾಡಿ, ಪಾಲು ಹೆಚ್ಚುಕಡಿಮೆ ಮಾಡಿಕೊಳ್ಳಿ. ನಿಮ್ಮ ಮಣ್ಣಿನ ಜೇಡಿ ಎಷ್ಟೋ ನಮಗೆ ಗೊತ್ತಿಲ್ಲ.

ಈಗಾಗಲೇ ಇರುವ 8,000 ಚೀಲಗಳಿಗೆ: ಎಲ್ಲಕ್ಕಿಂತ ಮೊದಲು ತೂತು ನೋಡಿ. ಚೀಲ ತುಂಬುವಾಗ ತಳದ ಮೂಲೆಗಳು ಒಳಕ್ಕೆ ಮಡಚಿಕೊಂಡು ಕೆಳಗಿನ ಸಾಲಿನ ತೂತುಗಳು ಮುಚ್ಚಿಹೋಗಿರುತ್ತವೆ, ಇದು ಬಹಳ ಮಾಮೂಲು. ಕೆಳಗಿನ ಎರಡು ಇಂಚಿನೊಳಗೆ ಸುತ್ತ ಎಂಟು ತೂತು ಇರಲೇಬೇಕು, ಪೆನ್ಸಿಲ್ ದಪ್ಪದವು. ಕಾಯಿಸಿದ ಕಂಬಿಯಿಂದ ಬೇಡ, ಬೇರು ಸುಡುತ್ತದೆ. ಚೂಪು ಮೊಳೆ ಹೊಡೆದ ಹಲಗೆಗೆ ಚೀಲದ ಬದಿಯನ್ನು ಒತ್ತಿದರೆ ಒಂದೇ ಸಲಕ್ಕೆ ಮೂರ್ನಾಲ್ಕು ಬೀಳುತ್ತವೆ.

ಇನ್ನೊಂದು ಖರ್ಚಿಲ್ಲದ ಉಪಾಯ: ತೀರಾ ಒದ್ದೆಯಾದ ಚೀಲಗಳನ್ನು ಒಂದು ದಿನ ಓರೆಯಾಗಿ ಒರಗಿಸಿಡಿ. ಓರೆಯಾದಾಗ ತಗ್ಗಿದ ಮೂಲೆಯ ಮೇಲೆ ಮಣ್ಣಿನ ಕಂಬ ಎತ್ತರವಾಗುತ್ತದೆ, ನೇರ ನಿಂತಾಗ ಬಿಡದ ನೀರು ಆ ಮೂಲೆಯ ತೂತಿನಿಂದ ಹೊರಬರುತ್ತದೆ. ಓರೆ ಮಾಡಿದ ತಕ್ಷಣ ತೊಟ್ಟಿಕ್ಕುವುದು ಕಣ್ಣಿಗೇ ಕಾಣುತ್ತದೆ.

ನೆಲ: ಸಮತಟ್ಟಾದ ನೆಲಕ್ಕೆ ಕಳೆ ಚಾಪೆ ಹಾಸಿದರೆ ಅದರಡಿ ಕೆಸರು, ಮೇಲೆ ತೆಳು ನೀರು. ಚೀಲದ ತೂತು ಆ ನೀರಿನಲ್ಲೇ ಕೂತಿರುತ್ತದೆ. ಒಂದು ಚೀಲದ ರೋಗ ಪಕ್ಕದ ನೂರಕ್ಕೆ ಈಜಿಕೊಂಡು ಹೋಗಲು ಅಷ್ಟು ಸಾಕು. 1.2 ಮೀಟರ್ ಅಗಲದ ಪಾತಿಗಳಾಗಿ ಒಡೆಯಿರಿ, ನೂರು ಅಡಿಗೆ ಒಂದು ಅಡಿ ಇಳಿಜಾರು ಕೊಡಿ, ನಡುವೆ 30 ಸೆಂ.ಮೀ. ಆಳದ ಕಾಲುವೆ ತೆಗೆಯಿರಿ. ಪಾತಿಯ ಮೇಲೆ 20 ಮಿ.ಮೀ. ಜಲ್ಲಿ ಮೂರು ಇಂಚು. ಹತ್ತು ಮೀಟರ್ ಪಾತಿಗೆ ಸುಮಾರು 0.9 ಘನ ಮೀಟರ್ ಬೇಕಾಗುತ್ತದೆ. ಪುಡಿ ಬೆರೆತ ಜಲ್ಲಿ ತರಿಸಬೇಡಿ, ತಿಂಗಳೊಳಗೆ ಕಾಂಕ್ರೀಟಿನಂತೆ ಕಟ್ಟಿಕೊಳ್ಳುತ್ತದೆ. (ಜಲ್ಲಿಯ ಜಾಗ ಚೀಲದ ಕೆಳಗೆ, ಒಳಗಲ್ಲ.) ಸದ್ಯಕ್ಕೆ ಜಲ್ಲಿ ಆಗದಿದ್ದರೆ ಇಟ್ಟಿಗೆ ಮೇಲೆ ಬಿದಿರು ದಬ್ಬೆ ಸಾಲಾಗಿ ಹಾಕಿ. ತೂತಿನ ಕೆಳಗೆ ಗಾಳಿ ಆಡಬೇಕು, ಅಷ್ಟೇ ಲೆಕ್ಕ. ಒಂದು ಪಾತಿಯ ನೀರು ಇನ್ನೊಂದರ ಮೇಲೆ ಹರಿಯದಿರಲಿ, ರೋಗದ ಗಿಡಗಳು ಯಾವಾಗಲೂ ಇಳಿಜಾರಿನ ಕೊನೆಯಲ್ಲಿರಲಿ.

ಪಾಲಿಹೌಸ್ ಚಾವಣಿಯ ನೀರು ಎಲ್ಲಿಗೆ ಹೋಗುತ್ತಿದೆ ಎಂದು ನೀವು ಬರೆದಿಲ್ಲ. 300 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದರೆ 300 ಲೀಟರ್. ಗಂಟೆಗೆ 50 ಮಿ.ಮೀ. ಸುರಿದರೆ 15,000 ಲೀಟರ್, ಸೆಕೆಂಡಿಗೆ ನಾಲ್ಕು ಲೀಟರಿಗೂ ಮೇಲೆ. ಅದು ಅಂಚಿನಿಂದ ಬಿದ್ದು ಚೀಲದ ಪಾತಿಗಳ ಕಡೆ ಹರಿಯುತ್ತಿದ್ದರೆ ಮೇಲೆ ಹೇಳಿದ ಯಾವುದೂ ಪ್ರಯೋಜನಕ್ಕೆ ಬಾರದು. ನಾಲ್ಕಿಂಚಿನ ಒಂದು ಪೈಪು ಲೆಕ್ಕಕ್ಕೆ ಸಾಲುತ್ತದೆ, ಆದರೆ ಎಲೆ-ಕಸ ಕಟ್ಟಿಕೊಂಡ ದಿನ ಸಾಲುವುದಿಲ್ಲ. ಎರಡು ಹಾಕಿ, ಬಾಯಿಗೆ ಜಾಲರಿ ಕಟ್ಟಿ.


ಚಿಗುರುಚೀಲ:

ನೋಡಿದೆ. ಪಪ್ಪಾಯ: ಹತ್ತರಲ್ಲಿ ಆರಕ್ಕೆ ಮೊಟ್ಟೆ ವಾಸನೆ, ಬೇರಿನ ತೊಗಟೆ ಜಾರಿಬಂತು. ಚೆನ್ನಾಗಿ ಕಂಡ ನಾಲ್ಕರಲ್ಲಿ ಎರಡರ ತಳದ ಬೇರು ಆಗಲೇ ಕಂದು. ದಾಸವಾಳದ ಬೇರು ಪೂರ್ತಿ ಬಿಳಿ. ಗುಲಾಬಿಯ ಬೇರು ಸರಿ, ಎಲೆಯಲ್ಲಿ ಅಂಚು ಚದುರಿದ ಕಪ್ಪು ಚುಕ್ಕೆ. ಕಾಳುಮೆಣಸಿನ ಎಲೆಯ ಚುಕ್ಕೆಯ ಅಂಚೂ ನಾರುನಾರಾಗಿದೆ, ಬುಡ ಕಪ್ಪಾದವು ಸುಮಾರು ನೂರು. ಮೆಣಸಿನಕಾಯಿ ಸಸಿಯ ಕಾಂಡ ನೀರುನೀರು, ಮೆತ್ತಗೆ. ಲೋಟದ ಪರೀಕ್ಷೆಯಲ್ಲಿ ಹಾಲಿನ ಎಳೆ ಬರಲಿಲ್ಲ. ಡಬ್ಬದ ಲೆಕ್ಕ: 70 ಮಿ.ಲೀ. ಅಂದರೆ 7%. ಚೀಲಗಳಲ್ಲಿ ಅರ್ಧಕ್ಕರ್ಧ ತೂತು ಮಡಿಕೆಯೊಳಗೆ ಮುಚ್ಚಿಹೋಗಿವೆ. ಈಗ ಔಷಧಿ ಹೇಳಿ.


ಮೈಲುತುತ್ತ:

7% ಅಂದಮೇಲೆ ಅರ್ಧ ಉತ್ತರ ಅಲ್ಲೇ ಇದೆ. ಔಷಧಿ ಉಳಿದರ್ಧಕ್ಕೆ.

ಪಪ್ಪಾಯ ಮತ್ತು ಕಾಳುಮೆಣಸಿನಲ್ಲಿ ಬುಡ ಮೆತ್ತಗಾದದ್ದು, ಕಪ್ಪಾದದ್ದು ಇವತ್ತೇ ಹೊರಗೆ ಹೋಗಲಿ, ಚೀಲ-ಮಣ್ಣು ಸಮೇತ. ಗೊಬ್ಬರದ ಗುಂಡಿಗೂ ಹಾಕಬೇಡಿ, ಕಾಲುವೆಯ ದಂಡೆಗೂ ಎಸೆಯಬೇಡಿ. ಅವುಗಳ ಸುತ್ತಲಿನ ಎರಡು ಸಾಲು ಚೆನ್ನಾಗಿ ಕಂಡರೂ ಬೇರೆ ಜಾಗಕ್ಕೆ ಇಟ್ಟು ಅನುಮಾನದಲ್ಲೇ ನೋಡಿಕೊಳ್ಳಿ.

ಉಳಿದ ಗಿಡಗಳಿಗೆ ಮೆಟಲಾಕ್ಸಿಲ್ 8% + ಮ್ಯಾಂಕೊಜೆಬ್ 64% ಪುಡಿ, ಲೀಟರಿಗೆ 2 ಗ್ರಾಂ. ನಿಮ್ಮ ಚೀಲಕ್ಕೆ 100 ಮಿ.ಲೀ. ಸಾಕು. ಸಾವಿರ ಚೀಲಕ್ಕೆ 100 ಲೀಟರ್ ನೀರು, 200 ಗ್ರಾಂ ಪುಡಿ. ಆದರೆ ತೊಟ್ಟಿಕ್ಕುತ್ತಿರುವ ಚೀಲಕ್ಕೆ ಹೊಯ್ದರೆ ಹೊಯ್ದದ್ದು ಹೊಯ್ದಂತೆ ಹೊರಬರುತ್ತದೆ. ಮೊದಲು ತೂತು ಬಿಡಿಸಿ, ಓರೆ ಮಾಡಿ ಬಸಿಸಿ, ಸೂರಿನಡಿ ಒಂದೆರಡು ದಿನ ಇಟ್ಟು ಆಮೇಲೆ ಹೊಯ್ಯಿರಿ. ಇದನ್ನು ವಾರವಾರ ಮಾಡಬೇಡಿ; ಮೆಟಲಾಕ್ಸಿಲ್ ಒಂದನ್ನೇ ನೆಚ್ಚಿಕೊಂಡರೆ ರೋಗಾಣು ಬೇಗ ಅದಕ್ಕೆ ಒಗ್ಗಿಹೋಗುತ್ತದೆ. ಋತುವಿಗೆ ಎರಡು ಸಲಕ್ಕೆ ನಿಲ್ಲಿಸಿ.

ಸೂರಿನಡಿ ತರಲಾಗದ ಚೀಲಗಳಿಗೆ ಫೊಸೆಟೈಲ್ ಅಲ್ಯುಮಿನಿಯಂ ಲೀಟರಿಗೆ 2 ಗ್ರಾಂ, ಎಲೆಗೆ ಸಿಂಪಡಣೆ. ಮೆಟಲಾಕ್ಸಿಲ್ ಬೇರಿನಿಂದ ಮೇಲಕ್ಕೆ ಮಾತ್ರ ಹೋಗುತ್ತದೆ. ಫೊಸೆಟೈಲ್ ಎಲೆಯಿಂದ ಬೇರಿಗೂ ಇಳಿಯುತ್ತದೆ. ಬುಡ ಒದ್ದೆಯಿರುವಾಗ ಇದೊಂದೇ ದಾರಿ ಅನ್ನಬಹುದು. ಇದನ್ನು ತಾಮ್ರದ ಯಾವ ಔಷಧಿಯ ಜೊತೆಗೂ ಬೆರೆಸಬೇಡಿ. ಇದರ ಹುಳಿಗೆ ತಾಮ್ರ ಕರಗಿ ಎಲೆ ಸುಡುತ್ತದೆ. ತಾಮ್ರ ಸಿಂಪಡಿಸಿದ ಗಿಡಕ್ಕೆ ಇದನ್ನು ಕೊಡುವುದಾದರೆ ಎರಡು ವಾರ ಬಿಡಿ.

ಕಾಳುಮೆಣಸಿನ ಎಲೆಚುಕ್ಕೆಗೆ 1% ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಇನ್ನೂ ಒಳ್ಳೆಯ ತಡೆ. ಆದ್ದರಿಂದ ಕಾಳುಮೆಣಸಿಗೆ ಬೋರ್ಡೋ ಅಥವಾ ಫೊಸೆಟೈಲ್, ಎರಡರಲ್ಲಿ ಒಂದನ್ನು ಹಿಡಿಯಿರಿ. ಬೋರ್ಡೋ ಹತ್ತು ಲೀಟರಿಗೆ 100 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್), 100 ಗ್ರಾಂ ಸುಟ್ಟ ಸುಣ್ಣ. ಮೈಲುತುತ್ತವನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಐದು ಲೀಟರ್ ನೀರಿಗೆ ಕರಗಿಸಿ, ಕಬ್ಬಿಣದ ಪಾತ್ರೆ ಬೇಡ. ಸುಣ್ಣವನ್ನು ಬೇರೆ ಬಕೆಟ್ಟಿನಲ್ಲಿ ಅರಳಿಸಿ, ಐದು ಲೀಟರ್ ಮಾಡಿ, ಸೋಸಿ, ತಣಿಯಲು ಬಿಡಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕೋಲಿನಿಂದ ಕಲಕಿ. ತಿರುವುಮುರುವು ಮಾಡಿದರೆ ಕಣ ದಪ್ಪವಾಗಿ ತಳಕ್ಕೆ ಕೂರುತ್ತದೆ, ನಳಿಕೆಯೂ ಕಟ್ಟುತ್ತದೆ. ಬಣ್ಣ ತಿಳಿ ಆಕಾಶನೀಲಿ ಬರಬೇಕು. ತಿಕ್ಕಿ ಹೊಳಪು ಮಾಡಿದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತುಕ್ಕಿನಂಥ ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣದ ನೀರು ಸ್ವಲ್ಪ ಸ್ವಲ್ಪ ಸೇರಿಸುತ್ತಾ ಮತ್ತೆ ಪರೀಕ್ಷಿಸಿ. ಸುಣ್ಣ ಹಳೆಯದಾಗಿದ್ದರೆ 100 ಗ್ರಾಂ ಸಾಲದೆ ಬರುವುದೇ ಹೆಚ್ಚು. ಮಾಡಿದ ದಿನವೇ ಮುಗಿಸಿ.

ಗುಲಾಬಿಗೆ ಇದನ್ನು ಹೊಡೆಯಬೇಡಿ. ತಂಪು, ಒದ್ದೆ ಹವೆಯಲ್ಲಿ ತಾಮ್ರಕ್ಕೆ ಗುಲಾಬಿಯ ಎಲೆ ಕೆಂಪು ಚುಕ್ಕೆ ಬಂದು ಉದುರುತ್ತದೆ. ಅದರ ಕಪ್ಪು ಚುಕ್ಕೆಗೆ ಮ್ಯಾಂಕೊಜೆಬ್ ಅಥವಾ ಕ್ಲೋರೊಥಲೊನಿಲ್ ಲೀಟರಿಗೆ 2 ಗ್ರಾಂ ಸಾಕು. ಉದುರಿದ ಎಲೆಯನ್ನು ದಿನವೂ ಆರಿಸದಿದ್ದರೆ ಔಷಧಿ ದಂಡ. ಎಲೆ ಏಳು ಗಂಟೆ ಒದ್ದೆಯಿದ್ದರೆ ಸಾಕು, ಹೊಸ ಸೋಂಕು ಶುರು. ಬುಡದಿಂದ ಒಂದು ಗೇಣು ಎತ್ತರದವರೆಗಿನ ಎಲೆಗಳನ್ನು ತೆಗೆದುಬಿಡಿ, ಮಣ್ಣಿನಿಂದ ಸಿಡಿಯುವ ಹನಿ ಮೊದಲು ತಾಗುವುದು ಅವಕ್ಕೇ.

ಮಳೆ ಬಿಟ್ಟ ತಕ್ಷಣ ಪಂಪು ಹೆಗಲಿಗೇರಿಸುವುದು ಎಲ್ಲರೂ ಮಾಡುವ ತಪ್ಪು. ಎಲೆಯ ಮೇಲೆ ನೀರಿರುವಾಗ ಹೊಡೆದದ್ದು ತೆಳುವಾಗಿ ಕೆಳಗೆ ಜಾರುತ್ತದೆ. ಎಲೆ ಒಣಗಲಿ, ಹೊಡೆದ ಮೇಲೆ ಕನಿಷ್ಠ ಎರಡು ಗಂಟೆ ಬಿಡುವು ಸಿಗುವಂತಿರಲಿ, ಅಂಟು ದ್ರಾವಣ ಲೀಟರಿಗೆ ಅರ್ಧ ಮಿ.ಲೀ. ಸೇರಿಸಿ, ಎಲೆಯ ಕೆಳಬದಿಗೂ ಬೀಳಲಿ. ಡಬ್ಬಿಯ ಮೇಲಿನ ಪ್ರಮಾಣ ನಾನು ಬರೆದದ್ದಕ್ಕಿಂತ ಬೇರೆಯಿದ್ದರೆ ಡಬ್ಬಿಯದ್ದೇ ಸರಿ. ಕೈಗವಸು, ಮುಖಗವಸು ಇಲ್ಲದೆ ಬೇಡ.


ಟ್ರೇ98:

ಟ್ರೇಗಳ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ.

ಪ್ಲಾಸ್ಟಿಕ್ ಹಾಳೆಯ ಮೇಲೆ ಟ್ರೇ ಇಡುವುದನ್ನು ಇಂದೇ ನಿಲ್ಲಿಸಿ. ಕುಳಿಯ ತೂತು ಹಾಳೆಗೆ ಅಂಟಿಕೊಂಡು ಒಂದು ತೆಳು ನೀರಿನ ಪೊರೆ ನಿಲ್ಲುತ್ತದೆ, 98 ಕುಳಿಗಳೂ ಅದರ ಮೂಲಕ ಒಂದೇ ಕೊಳ. ರೋಗ ವೃತ್ತವಾಗಿ ಹರಡುತ್ತಿದೆ ಅಂದಿರಲ್ಲ, ಅದು ಹೀಗೆಯೇ. ಎರಡು ಪೈಪು ಸಮಾನಾಂತರ ಇಟ್ಟು ಟ್ರೇಯ ಎರಡು ಅಂಚು ಮಾತ್ರ ಕೂರುವಂತೆ ಮಾಡಿದರೂ ನಡೆಯುತ್ತದೆ. ಸೊಂಟದೆತ್ತರದ ತಂತಿ ಜಾಲರಿ ಬೆಂಚು ಇದ್ದರೆ ಇನ್ನೂ ಮೇಲು.

ಮಲಗಿದ ವೃತ್ತದ ಜೊತೆ ಅದರ ಸುತ್ತ ಎರಡು ಸಾಲು ಕುಳಿಗಳನ್ನು ಚೆನ್ನಾಗಿದ್ದರೂ ಖಾಲಿ ಮಾಡಿ. ಉಳಿದದ್ದಕ್ಕೆ ಮೇಲೆ ಹೇಳಿದ ಮೆಟಲಾಕ್ಸಿಲ್ ಮಿಶ್ರಣವನ್ನೇ ಲೀಟರಿಗೆ ಒಂದೂವರೆ ಗ್ರಾಂ, ಹೂಜಿಯಿಂದ ಬುಡ ನೆನೆಯುವಷ್ಟು, ಒಂದೇ ಸಲ. ಎಳೆ ಸಸಿಗೆ ಬೋರ್ಡೋ ಬೇಡ.

ನೀರು ಗಡಿಯಾರ ನೋಡಿ ಕೊಡುವುದಲ್ಲ. ಪೂರ್ತಿ ನೆನೆಸಿ ಬಸಿದ ಟ್ರೇ ಒಂದನ್ನು ತೂಗಿ ಅದರ ಅಂಚಿನಲ್ಲೇ ಬರೆದಿಡಿ. ತೂಕ ಕಾಲು ಭಾಗ ಇಳಿಯುವವರೆಗೆ ನೀರಿಲ್ಲ. ಮೋಡ ಮುಸುಕಿದ ವಾರದಲ್ಲಿ ಎರಡು ದಿನಕ್ಕೊಮ್ಮೆಯೂ ಬೇಕಾಗದಿರಬಹುದು. ಕೊಟ್ಟರೆ ಬೆಳಿಗ್ಗೆ ಮಾತ್ರ, ಸಂಜೆಗೆ ಎಲೆ ಒಣಗಿರಬೇಕು. ಕೆರೆ, ಹೊಂಡದ ಕೆಂಪು ನೀರು ಕೊಡುತ್ತಿದ್ದರೆ ರೋಗಾಣುವನ್ನು ನೀವೇ ಬಡಿಸಿದ ಹಾಗೆ. ತಿಳಿಯಾಗಲು ಬಿಟ್ಟು, ಸಾವಿರ ಲೀಟರಿಗೆ 33% ಬ್ಲೀಚಿಂಗ್ ಪೌಡರ್ 6 ಗ್ರಾಂ ಹಾಕಿದರೆ ಸುಮಾರು 2 ಪಿಪಿಎಂ (ಲೀಟರಿಗೆ 2 ಮಿ.ಗ್ರಾಂ) ಕ್ಲೋರಿನ್ ಆಗುತ್ತದೆ, ಅರ್ಧ ಗಂಟೆ ಬಿಟ್ಟು ಬಳಸಿ. ಕೆಸರು ನೀರಿಗೆ ನೇರ ಹಾಕಿದರೆ ಕ್ಲೋರಿನ್ ಪೂರ್ತಿ ಕೆಸರಿಗೇ ಖರ್ಚಾಗುತ್ತದೆ.

ಪಕ್ಕದ ಪರದೆಗಳನ್ನು ಮಳೆಯ ಭಯಕ್ಕೆ ಹಗಲೂ ರಾತ್ರಿ ಮುಚ್ಚಿಡಬೇಡಿ. ಗಾಳಿ ಬೀಸಿ ಬರುವ ದಿಕ್ಕಿನದು ಮುಚ್ಚಿರಲಿ, ಎದುರು ಬದಿಯದು ತೆರೆದಿರಲಿ. ಬೆಳಿಗ್ಗೆ ಹಾಳೆಯ ಒಳಮೈಯಿಂದ ಹನಿ ಬೀಳುವ ಜಾಗಗಳನ್ನು ಗಮನಿಸಿ; ಮಲಗಿದ ಸಸಿಯ ವೃತ್ತಗಳು ಹೆಚ್ಚಾಗಿ ಅದೇ ಜಾಗದ ಕೆಳಗಿರುತ್ತವೆ. ಅಲ್ಲಿ ಹಾಳೆ ಸಡಿಲವಾಗಿದೆ ಎಂದರ್ಥ. ಬಿಗಿ ಮಾಡಿ. ಹೊರಗಡೆ ಅದೇ ತಗ್ಗಿನಲ್ಲಿ ನೀರು ನಿಂತರೆ ಕಂಬಿಯೂ ಬಾಗುತ್ತದೆ.

ಕೊಕೊಪೀಟ್ ಮೇಲೆ ಹಸಿರು ಪಾಚಿ, ಅದರ ಸುತ್ತ ಸೊಳ್ಳೆಯಂಥ ಸಣ್ಣ ಕಪ್ಪು ನೊಣ ಇವೆಯೇ? ಆಲೂಗೆಡ್ಡೆಯ ಬಿಲ್ಲೆ ಕತ್ತರಿಸಿ ಕೊಕೊಪೀಟ್ ಮೇಲೆ ಒತ್ತಿಡಿ, ಎರಡು ದಿನ ಬಿಟ್ಟು ತಿರುಗಿಸಿ ನೋಡಿ. ಗಾಜಿನಂಥ ಮೈ, ಹೊಳೆವ ಕಪ್ಪು ತಲೆಯ ಹುಳು ಕಂಡರೆ ಅವೇ ಬೇರು ಕೆರೆದು ಪಿಥಿಯಂಗೆ ಬಾಗಿಲು ತೆರೆಯುತ್ತಿರುವುದು. ಹಳದಿ ಅಂಟು ಹಾಳೆಯನ್ನು ಸಸಿಯ ಮಟ್ಟದಲ್ಲೇ ಇಡಿ, ತಲೆಯೆತ್ತರಕ್ಕೆ ಕಟ್ಟಿದರೆ ಈ ನೊಣ ಸಿಗುವುದಿಲ್ಲ. ಮರಿಹುಳಕ್ಕೆ ಬಿಟಿಐ ದುಂಡಾಣುವಿನ ದ್ರಾವಣ ಹೊಯ್ಯಬಹುದು, ಆದರೆ ಮೇಲ್ಮೈ ಒಣಗಲು ಬಿಡದಿದ್ದರೆ ಮತ್ತೆ ಬರುತ್ತವೆ.

ಖಾಲಿಯಾದ ಟ್ರೇ ಮತ್ತೆ ಬಳಸುವ ಮುಂಚೆ ಉಜ್ಜಿ ತೊಳೆದು, 5% ಸೋಡಿಯಂ ಹೈಪೊಕ್ಲೋರೈಟ್ ಒಂದು ಪಾಲು, ನೀರು ಒಂಬತ್ತು ಪಾಲು, ಹತ್ತು ನಿಮಿಷ ಮುಳುಗಿಸಿ, ಮತ್ತೆ ತೊಳೆಯಿರಿ.

ಬಸವನಹುಳು ಬಂದೇ ಬರುತ್ತದೆ. ಒದ್ದೆ ಗೋಣಿಚೀಲವನ್ನು ಪಾತಿಗಳ ನಡುವೆ ಹರಡಿ, ಬೆಳಿಗ್ಗೆ ಎತ್ತಿ ಕೆಳಗಿರುವುದನ್ನು ಆರಿಸಿ ಉಪ್ಪುನೀರಿಗೆ ಹಾಕಿ. ಚೀಲದ ಮೇಲೆ ಉಪ್ಪು ಎರಚಬೇಡಿ, ಹುಳದ ಜೊತೆ ಗಿಡವೂ ಹೋಗುತ್ತದೆ. ಮೆಟಾಲ್ಡಿಹೈಡ್ ಗುಳಿಗೆ ಹಾಕುವುದಾದರೆ ನಾಯಿ, ಕೋಳಿ ಸುಳಿಯದ ಜಾಗದಲ್ಲಿ ಮಾತ್ರ.


ಬೇರುಬಿಳುಪು:

ಯೂರಿಯಾ ವಿಷಯ ಬಾಕಿ ಇತ್ತು. ದಾಸವಾಳದ ಬೇರು ಬಿಳಿಯಿದೆ ಅಂದಿರಿ, ಹಾಗಾದರೆ ಕೊಡಬಹುದು, ಆದರೆ ಬುಡಕ್ಕಲ್ಲ. 19:19:19 (ಸಾರಜನಕ, ರಂಜಕ, ಪೊಟ್ಯಾಷ್‌ನ ಪ್ರಮಾಣ, ನೀರಿನಲ್ಲಿ ಕರಗುವ ಗೊಬ್ಬರ) ಲೀಟರಿಗೆ 3 ಗ್ರಾಂ ಎಲೆಗೆ, ಹತ್ತು ದಿನ ಬಿಟ್ಟು 13:0:45 ಲೀಟರಿಗೆ 5 ಗ್ರಾಂ. ಬರೀ ಸಾರಜನಕ ಕೊಟ್ಟರೆ ಈ ಮಬ್ಬು ಬೆಳಕಿನಲ್ಲಿ ಗಿಡ ಮೆತ್ತಗೆ ಉದ್ದವಾಗುತ್ತದೆ, ರೋಗಕ್ಕೆ ಮೆತ್ತನೆ ಎಲೆ ಅಂದರೆ ಹಬ್ಬ. ಬೇರು ಕಂದಾದ ಪಪ್ಪಾಯಕ್ಕೆ ಯಾವ ಗೊಬ್ಬರವೂ ಬೇಡ. ಹೊಸ ಬಿಳಿ ಬೇರಿನ ತುದಿ ಕಾಣುವವರೆಗೆ ಕಾಯಿರಿ.

ಶೇಡ್ ನೆಟ್ ತೆಗೆದುಬಿಡಿ. ಮೋಡವೇ ನೆರಳು ಕೊಡುತ್ತಿರುವಾಗ 50% ನೆಟ್ ಏನೂ ಕಾಯುವುದಿಲ್ಲ, ಮಳೆಯನ್ನಂತೂ ತಡೆಯುವುದಿಲ್ಲ.


ಬಸಿಗಾಲುವೆ:

ನೆಟ್ ತೆಗೆಯುವುದಕ್ಕೆ ನನ್ನ ಒಪ್ಪಿಗೆ ಅರ್ಧ. ದಾಸವಾಳ, ಗುಲಾಬಿಯ ಮೇಲಿಂದ ತೆಗೆಯಲಿ. ಕಾಳುಮೆಣಸಿನ ಎಳೆ ಬಳ್ಳಿಯ ಮೇಲಿಂದ ಬೇಡ. ನಡುವೆ ಎರಡು ದಿನ ಬಿಸಿಲು ಬಂದರೆ ಮೆತ್ತಗಾದ ಎಲೆ ಸುಟ್ಟುಹೋಗುತ್ತದೆ. ನೆಟ್ ಇರುವಲ್ಲಿ ಅದರ ತಗ್ಗು, ತಂತಿ ಗಂಟುಗಳ ಕೆಳಗೆ ಸಾಲಾಗಿ ದಪ್ಪ ಹನಿ ಬೀಳುತ್ತದೆ, ಆ ಸಾಲಿನಲ್ಲಿ ಚೀಲದ ಮಣ್ಣೇ ಹಳ್ಳವಾಗಿ ಬೇರು ಕಂಡಿರುತ್ತದೆ. ಆ ಜಾಗ ಖಾಲಿ ಬಿಡಿ. ಪಪ್ಪಾಯ ಉಳಿಸಿಕೊಳ್ಳಬೇಕೆಂದಿದ್ದರೆ ಅದಕ್ಕೆ ಹಾಳೆಯ ಸೂರೇ ಬೇಕು: ಎರಡು ಮೀಟರ್ ಎತ್ತರ, ನಾಲ್ಕೂ ಬದಿ ತೆರೆದದ್ದು, ಒಂದು ಕಡೆಗೆ ಇಳಿಜಾರು. ಚೀಲ ಚೀಲದ ನಡುವೆ ಒಂದು ಚೀಲದ ಜಾಗ ಬಿಡಿ.


ಚಿಗುರುಚೀಲ:

ಜಾಗ ಬಿಟ್ಟರೆ ಅರ್ಧ ಚೀಲಗಳೂ ಸೂರಿನಡಿ ಹಿಡಿಯುವುದಿಲ್ಲ. ಯಾವುದಕ್ಕೆ ಮೊದಲ ಆದ್ಯತೆ? ಟ್ರೈಕೋಡರ್ಮಾ (ರೋಗಾಣು ತಡೆಯುವ ಶಿಲೀಂಧ್ರ) ಈಗಲೇ ಹಾಕಲೇ? ಚೆನ್ನಾಗಿರುವ ಪಪ್ಪಾಯ ಕೊಳ್ಳುವವರಿಗೆ ಈಗಲೇ ಕೊಟ್ಟುಬಿಡಬಹುದೇ?


ಮೈಲುತುತ್ತ:

ಸೂರಿಗೆ ಮೊದಲು ಪಪ್ಪಾಯ, ಆಮೇಲೆ ಕಾಳುಮೆಣಸು. ಗುಲಾಬಿಗೆ ಜಾಗ ಉಳಿದರೆ. ದಾಸವಾಳ ಹೊರಗಿರಲಿ, ತಡೆಯುತ್ತದೆ.

ಟ್ರೈಕೋಡರ್ಮಾ ಕೊಳೆತ ಬೇರನ್ನು ವಾಸಿ ಮಾಡುವುದಿಲ್ಲ, ನೀರು ನಿಂತ ಮಣ್ಣಿನಲ್ಲಿ ಅದಕ್ಕೂ ಗಾಳಿ ಬೇಕು. ಹೊಸ ಮಿಶ್ರಣಕ್ಕೆ ಇಂದೇ ತಯಾರಿ ಮಾಡಿ: ಕಳಿತ ಕೊಟ್ಟಿಗೆ ಗೊಬ್ಬರ 100 ಕಿಲೋ, ಬೇವಿನ ಹಿಂಡಿ 10 ಕಿಲೋ, ಟ್ರೈಕೋಡರ್ಮಾ 1 ಕಿಲೋ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಸೂರಿನಡಿ ಗುಡ್ಡೆ ಹಾಕಿ ಒದ್ದೆ ಗೋಣಿ ಮುಚ್ಚಿ, ಐದು ದಿನಕ್ಕೊಮ್ಮೆ ತಿರುವಿ, ಹದಿನೈದು ದಿನಕ್ಕೆ ಸಿದ್ಧ. ತಾಮ್ರ ಅಥವಾ ಕಾರ್ಬೆಂಡಜಿಮ್ ಬಿದ್ದ ಚೀಲಕ್ಕೆ ಹಾಕುವ ಮೊದಲು ಎರಡು ವಾರ ಅಂತರ ಬಿಡಿ.

ಪಪ್ಪಾಯ ಈಗ ಕೊಡಬೇಡಿ. ಚೆನ್ನಾಗಿ ಕಂಡ ನಾಲ್ಕರಲ್ಲಿ ಎರಡರ ಬೇರು ಕಂದಿತ್ತೆಂದು ನೀವೇ ಬರೆದಿದ್ದೀರಿ. ಔಷಧಿ ಹೊಯ್ದ ಗಿಡ ಎರಡು-ಮೂರು ವಾರ ಲಕ್ಷಣ ತೋರಿಸದೆ ನಿಲ್ಲಬಹುದು, ತೆಗೆದುಕೊಂಡವರ ಹೊಲಕ್ಕೆ ಹೋದ ಮೇಲೆ ಬೀಳುತ್ತದೆ, ಅವರ ಮಣ್ಣೂ ಕೆಡುತ್ತದೆ. ಮೂರು ವಾರ ಬಿಟ್ಟು ಸಾವಿರಕ್ಕೆ ಇಪ್ಪತ್ತು ಚೀಲ ಸೀಳಿ ನೋಡಿ. ಒಂದರಲ್ಲಾದರೂ ತೊಗಟೆ ಜಾರಿದರೆ ಆ ಪಾತಿ ಪೂರ್ತಿ ತಡೆಹಿಡಿಯಿರಿ. ದಾಸವಾಳ, ಗುಲಾಬಿ ಕೊಡಬಹುದು, ಎಲೆ ಒಣಗಿರುವಾಗ ಮಾತ್ರ ಗಾಡಿಗೆ ಏರಿಸಿ, ಟಾರ್ಪಾಲು ಬಿಗಿದು ರಾತ್ರಿಯಿಡೀ ಮುಚ್ಚಿಡಬೇಡಿ. ಒದ್ದೆ ಎಲೆ ಕತ್ತಲಲ್ಲಿ ಬೆಳಗಾಗುವುದರೊಳಗೆ ಕಪ್ಪಾಗಿರುತ್ತದೆ.


ಚಿಗುರುಚೀಲ:

ತೂತು ಬಿಡಿಸುವ ಕೆಲಸ ಪಪ್ಪಾಯದಿಂದ ಶುರುವಾಗಿದೆ, ಓರೆ ಮಾಡಿದ ಚೀಲಗಳಿಂದ ನಿಜವಾಗಿಯೂ ನೀರು ತೊಟ್ಟಿಕ್ಕುತ್ತಿದೆ. ಹೊಸ ಮಿಶ್ರಣದ ಡಬ್ಬದ ಲೆಕ್ಕ ಮೊದಲ ಸಲಕ್ಕೆ 130 ಮಿ.ಲೀ. ಬಂತು. ಹೊಟ್ಟು ಇನ್ನೂ ಅರ್ಧ ಪಾಲು ಸೇರಿಸಿ ಮತ್ತೆ ಅಳೆಯುತ್ತೇನೆ.